ದದ್ದಿಲ್ಲದ ತುರಿಕೆ

ಲಾಂಡ್ರಿಯ ಹಿಂಬದಿ ಕೋಣೆ
ಮಂಗಳವಾರ, ಮಧ್ಯಾಹ್ನ

ಹಟಮಾರಿ ಗುಬ್ಬಿಗೆ,

ನೀನು ಬೇಡವೆಂದರೂ ನಿನ್ನ ಅಕ್ಕನಾಗಿಯೇ ಉಳಿದಿರುವವಳ ಆಶೀರ್ವಾದ.

ಫೋನ್ ಎತ್ತುವುದಿಲ್ಲ, ಸರಿ. ಪತ್ರವನ್ನಾದರೂ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು. ಭಾನುವಾರ ನಿನ್ನ ಗಂಡನ ಕೆನ್ನೆಗೆ ಬಾರಿಸಿದ್ದು ನಿಜ. ನಿನ್ನ ಅತ್ತೆಯ ಕನ್ನಡಿ ಒಡೆದದ್ದೂ ನಿಜ. ಎಂಟು ತಿಂಗಳ ಬಸುರಿ ನೀನು, ಕೆರೆದುಕೊಳ್ಳಬಾರದೆಂದು ಎರಡೂ ಕೈಗೆ ಟವೆಲ್ ಸುತ್ತಿ ಮಂಚದ ಸರಳಿಗೆ ಕಟ್ಟಿಸಿಕೊಂಡು ಮಲಗಿದ್ದೆ. ಕೆರೆದು ಕೆರೆದು ಸುಲಿದ ಅಂಗಾಲು, ಹಾಸಿಗೆಯ ತುಂಬ ರಕ್ತ. ಇದೆಲ್ಲ ಬರೀ ನಾಟಕ ಅಕ್ಕಾ, ಮೈಮೇಲೆ ಒಂದು ದದ್ದಾದ್ರೂ ಇದೆಯಾ ನೋಡಿ, ಎಂದ ಅವನು. ನನ್ನ ಕೈ ಎದ್ದೇಬಿಟ್ಟಿತು.

ಕಟ್ಟು ಬಿಚ್ಚಿದ್ದೇ ತಡ, ನೀನು ನನ್ನನ್ನೇ ಆಚೆ ದಬ್ಬಿದೆ. ನಿನಗೆ ಮಗುವಿಲ್ಲ, ಅದಕ್ಕೇ ನನ್ನ ಬಸಿರು ಕಂಡು ಹೊಟ್ಟೆಕಿಚ್ಚು, ಎಂದೆ.

ಹೊಟ್ಟೆಕಿಚ್ಚಲ್ಲ ಕಣೇ, ಭಯ. ನನ್ನ ಮಗು ಹೊಕ್ಕುಳಬಳ್ಳಿ ಸುತ್ತಿಕೊಂಡು ಹೋಯಿತು ಎಂದು ಅಮ್ಮ ಹೇಳಿದ್ದು ಸುಳ್ಳು. ನಿನಗಿನ್ನೂ ಮದುವೆಯಾಗಿರಲಿಲ್ಲ, ಹೆದರುತ್ತೀಯೆಂದು ನನ್ನ ಬಾಯಿಯನ್ನೂ ಮುಚ್ಚಿಸಿದಳು. ನನಗೂ ಕೊನೆಗೊನೆಗೆ ಇದೇ ತುರಿಕೆ ಇತ್ತು, ಅಂಗೈ, ಅಂಗಾಲು, ಆಮೇಲೆ ಮೈಯೆಲ್ಲ. ಪಾತ್ರೆ ಉಜ್ಜುವ ತಂತಿಬ್ರಷ್ಷಿನಿಂದ ಚರ್ಮ ಕಿತ್ತುಕೊಂಡೆ. ತಡೆಯಲು ಬಂದ ಅಮ್ಮನ ಮಣಿಕಟ್ಟು ಕಚ್ಚಿದೆ. ಅಲ್ಲಿರುವ ಗುರುತು ಅವಳು ಹೇಳುವ ಹಾಗೆ ನಾಯಿಯದಲ್ಲ, ನಿನ್ನ ಅಕ್ಕನದು. ಒಂದು ಬೆಳಿಗ್ಗೆ ಮಗು ಒದೆಯುವುದು ನಿಂತಿತು. ಸತ್ತ ಮಗುವನ್ನು ಹೆರುವುದಕ್ಕೂ ಅಷ್ಟೇ ನೋವು ತಿನ್ನಬೇಕು, ಗುಬ್ಬಿ.

ಆಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಪಿತ್ತರಸದಲ್ಲಿರುವ ಆಮ್ಲಗಳು ನಮ್ಮ ಲಾಂಡ್ರಿಯ ಸೋಪಿನ ಹಾಗಂತೆ, ಕರುಳಿನಲ್ಲಿ ಜಿಡ್ಡು ಕರಗಿಸುವುದೇ ಅವುಗಳ ಕೆಲಸ. ಬಸಿರಿನಲ್ಲಿ ಕೆಲವರ ಯಕೃತ್ತು ಅವನ್ನು ಹೊರಗೆ ಸಾಗಿಸಲಾರದು, ಒಳಗೇ ಮಡುಗಟ್ಟಿ ರಕ್ತಕ್ಕೆ ಸೇರುತ್ತವೆ, ದದ್ದಿಲ್ಲದ ಈ ತುರಿಕೆ ಅದರಿಂದಲೇ ಅಂತೆ. ಯಕೃತ್ತಿನ ಜೀವಕೋಶದ ಗೋಡೆಯೂ ಕೊಬ್ಬಿನದೇ ತಾನೆ? ತೀರಾ ಹೆಚ್ಚಾದರೆ ಅದನ್ನೇ ಕರಗಿಸುತ್ತವೆ. ಅದಕ್ಕೂ ಮೊದಲೇ ಪೆಟ್ಟು ತಿಂದ ಕೋಶಗಳು ಕೂಗಿಕೊಳ್ಳುತ್ತವಂತೆ. ಆ ಕೂಗಿಗೆ ರಕ್ತದ ಬಿಳಿಕಣಗಳು ಓಡಿ ಬಂದು, ಕಳ್ಳ ಯಾರು, ಮನೆಯವರು ಯಾರು ಎಂದು ನೋಡದೆ ಸಿಕ್ಕಿದವರನ್ನೆಲ್ಲ ಬಡಿದು ಹಾಕುತ್ತವಂತೆ. ಭಾನುವಾರ ನಾನು ನುಗ್ಗಿದ ಹಾಗೆ. ತಾಯಿಯ ರಕ್ತದಲ್ಲಿ ತುಂಬಿದ ಆ ಆಮ್ಲ ಮಗುವಿಗೂ ದಾಟುತ್ತದೆ, ಅದರ ಎದೆಬಡಿತವನ್ನೇ ನಿಲ್ಲಿಸಬಹುದು. ಅಕ್ಕನಿಗೆ ಬಂದದ್ದು ತಂಗಿಗೂ ಬರಬಹುದು ಎಂದಿದ್ದರು.

ಇದನ್ನೆಲ್ಲ ಭಾನುವಾರವೇ ನಿನಗೆ ಹೇಳಬಹುದಿತ್ತು. ಏನು ಮಾಡಲಿ, ನನಗೆ ಬಾಯಿಗಿಂತ ಕೈ ಮುಂದು.

ತುರಿಕೆಗೆ ಹಚ್ಚುವ ಮುಲಾಮು ಬಿಡು, ಇದು ಚರ್ಮದ ರೋಗವಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತದಲ್ಲಿ ಪಿತ್ತದ ಆಮ್ಲ ಎಷ್ಟಿದೆ ನೋಡಿಸು. ಹೆಚ್ಚಿದ್ದರೆ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುತ್ತಾರೆ, ಮಗುವನ್ನು ಉಳಿಸಿಕೊಳ್ಳಬಹುದು. ನನ್ನನ್ನು ಆಮೇಲೆ ಜೀವಮಾನವಿಡೀ ಬೈಯುವೆಯಂತೆ.

ಇಂತಿ ನಿನ್ನ ಜಗಳಗಂಟಿ
ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಗಂಡ ಲಾಂಡ್ರಿಗೆ ಬಂದ. ಸೇಡು ತೀರಿಸಲು ಬಂದನೆಂದು ಕಾದ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿ ಹಿಡಿದೆ. ಅವನು ನೆಲಕ್ಕೆ ಕುಸಿದು ಅತ್ತ. ಮಗುವಿನ ಓಡಾಟ ಕಡಿಮೆಯಾಗಿದೆ ಅಂತಾಳೆ, ಒಳಗಿಂದ ಚಿಲಕ ಹಾಕ್ಕೊಂಡಿದ್ದಾಳೆ, ಇನ್ನು ಯಾರೂ ನನ್ನ ಮುಟ್ಟಬೇಡಿ ಅಂತಾಳೆ, ನೀವೇ ಬನ್ನಿ ಅಕ್ಕಾ, ಎಂದ. ಈ ಸಾಲುಗಳನ್ನು ಗಾಡಿಯಲ್ಲಿ ಗೀಚುತ್ತಿದ್ದೇನೆ. ನನ್ನ ದನಿ ಕೇಳಿದರೆ ನೀನು ತೆಗೆಯುವುದಿಲ್ಲ, ಅದಕ್ಕೇ ಪತ್ರವನ್ನು ಕದದ ಕೆಳಗೆ ತೂರಿಸುತ್ತೇನೆ. ಅವನ ಬಳಿ ಸುತ್ತಿಗೆ ಇದೆ, ನನ್ನ ಬಳಿ ಹಾರೆ. ಇನ್ನು ಯಾರೂ ನಿನ್ನ ಕೈ ಕಟ್ಟುವುದಿಲ್ಲ, ಅದು ನನ್ನ ಜವಾಬ್ದಾರಿ. ಬಾಗಿಲು ತೆಗಿ ಗುಬ್ಬೀ, ಇಲ್ಲದಿದ್ದರೆ ಒಡೆಯುತ್ತೇವೆ.