ಕಳಚಿಡುವ ಕೊಂಡಿ

ವೆಸ್ಟ್ ಫೋರ್ಕ್, ಸೌತ್ ಡಕೋಟಾ
ಮೇ 12, ಸೋಮವಾರ

ಪ್ರೀತಿಯ ಬ್ರಿಟ್ಟಾ,

ನಿನ್ನಪ್ಪನ ದವಡೆ ಎರಡು ಕಡೆ ಮುರಿದಿದೆ. ಇವತ್ತು ಬೆಳಿಗ್ಗೆ ತಂತಿ ಹಾಕಿ ಬಿಗಿದಿದ್ದಾರೆ. ಎಡ ಮಂಡಿಯ ಚಿಪ್ಪು ಒಡೆದಿದೆ, ಅದರ ಆಪರೇಷನ್ ನಾಳೆ. ಜೀವಕ್ಕೆ ಅಪಾಯವಿಲ್ಲ. ಇಷ್ಟನ್ನು ನನಗೆ ತಿಳಿಸಿದ್ದು ಶೆರಿಫ್ ಕಚೇರಿಯಿಂದ ಬಂದ ಹೆಂಗಸು, ನಾನೀಗ ಉಳಿದುಕೊಂಡಿರುವ ಟ್ವೈಲಾಳ ಮನೆಯ ಬಾಗಿಲಲ್ಲಿ ನಿಂತುಕೊಂಡು. ಆಸ್ಪತ್ರೆಯವರು ನನಗೆ ಏನೂ ಹೇಳುವುದಿಲ್ಲ. ಹೊಡೆದವಳು ನಾನೇ ಆದ್ದರಿಂದ.

ಫೋನಿನಲ್ಲಿ ನೀನು ಕೇಳಿದ್ದಕ್ಕೆಲ್ಲ ಉತ್ತರ ಕೊಡಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಯಾರ ಹತ್ತಿರವೂ ಮಾತಾಡಬೇಡಿ ಎಂದು ವಕೀಲರು ಹೇಳಿದ್ದಾರೆ. ಕಾಗದದ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಟ್ವೈಲಾಳ ತಮ್ಮ ನಾಳೆ ಲಾರಿ ತೆಗೆದುಕೊಂಡು ನೀನಿರುವ ಬಿಲ್ಲಿಂಗ್ಸ್ ದಾರಿಯಲ್ಲೇ ಹೋಗುತ್ತಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಗುರುವಾರ ಸರ್ಕಾರಿ ವಕೀಲರು ತೀರ್ಮಾನ ಹೇಳುತ್ತಾರೆ. ಜೀವ ಉಳಿಸಿಕೊಳ್ಳಲು ಹೊಡೆದೆ ಎಂದಾದರೆ ನಾನು ನಿನ್ನ ಹತ್ತಿರ ಬರುತ್ತೇನೆ. ಅಲ್ಲ ಎಂದಾದರೆ ಜೈಲು. ಅದಕ್ಕೆ ಮೊದಲು ಅವರು ನಿನಗೂ ಫೋನ್ ಮಾಡಬಹುದು. ಮನೆಯಲ್ಲಿದ್ದಾಗ ನೀನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳು. ನನಗಾಗಿ ಒಂದು ಮಾತನ್ನೂ ಕೂಡಿಸಬೇಡ.

ಎಲ್ಲ ಶುರುವಾದದ್ದು ಕೊಂಡಿಯಿಂದ. ನನ್ನ ಮೂರು ಚಕ್ರದ ಮೋಟಾರ್ ಬೈಕಿಗೆ ಎರಡು ವರ್ಷದ ಹಿಂದೆ ಹಾಕಿಸಿದ್ದ ಟ್ರೇಲರ್ ಕೊಂಡಿ ನಿನಗೆ ನೆನಪಿರಬೇಕು. ನಿನ್ನಪ್ಪ ಅದನ್ನು ಗ್ರೈಂಡರ್ ಹಿಡಿದು ಕೊಯ್ದು ಹಾಕಿದ. ಕಿಡಿ ಹಾರುವಾಗ ನಾನು ಅಡ್ಡ ಹೋದೆ, ಅವನು ನನ್ನ ಮಣಿಕಟ್ಟನ್ನು ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದ. "ಹೆಂಗಸಿನ ಗಾಡಿಗೆ ಕೊಂಡಿ ಯಾಕೆ? ಸಾಮಾನು ಕಟ್ಕೊಂಡು ಎಲ್ಲಿಗೆ ಹೊರಟಿದ್ದೆ?" ಎಂದ. ಆಗ ನಾನು ಎಲ್ಲಿಗೂ ಹೊರಟಿರಲಿಲ್ಲ. ನಮ್ಮ ಮೂರು ಚಕ್ರದ ಬೈಕಿನ ಕ್ಲಬ್ಬಿನ ಎಲ್ಲರ ಟ್ರೇಲರ್‌ಗಳ ಹಾಗೆ ನನ್ನದರಲ್ಲೂ ಒಂದು ಡೇರೆ, ಒಂದು ಒಲೆ ಇರಲಿ ಎಂದಷ್ಟೇ ಇತ್ತು. ಹೊರಡಬೇಕು ಎಂದು ಮನಸ್ಸಿಗೆ ಬಂದದ್ದು ಅವನು ಹಾಗೆ ಕೇಳಿದ ಮೇಲೆ.

ಈ ಏಪ್ರಿಲ್‌ನಲ್ಲಿ ವೆಂಡೆಲ್‌ನ ಬೈಕ್ ಸಾಮಾನಿನ ಅಂಗಡಿಗೆ ಹೊಸ ಕೊಂಡಿ ಕೇಳಲು ಹೋದೆ. ಅವನು ಕೌಂಟರಿನ ಹಿಂದೆ ಕೂತು ಡೋನಟ್ ತಿನ್ನುತ್ತಿದ್ದ. "ಯಾವ ಬೈಕು ಅಂತ ನಾನು ಕೇಳಲ್ಲ. ಹಿಂದಿನ ಅರ್ಧ ಯಾರು ಮಾಡಿದ್ದು, ಅದನ್ನ ಹೇಳು" ಎಂದ. ನಮ್ಮ ಗಾಡಿಗಳೆಲ್ಲ ಎರಡು ಚಕ್ರದವಾಗಿ ಹುಟ್ಟಿ, ಆಮೇಲೆ ಹಿಂಭಾಗ ಕತ್ತರಿಸಿಕೊಂಡು ಬೇರೆಯವರ ಅಚ್ಚು ಜೋಡಿಸಿಕೊಂಡವು. ಕೊಂಡಿ ಕೂರುವುದು ಆ ಅಚ್ಚಿನ ಚೌಕಟ್ಟಿಗೆ. ನಾನು ಅಡಿಯಲ್ಲಿ ತೆಗೆದ ಫೋಟೋ ತೋರಿಸಿದೆ. ತಿರುಗುವ ಕುತ್ತಿಗೆಯ ಕೊಂಡಿ ಬೇಕೇ ಎಂದು ಕೇಳಿದ್ದಕ್ಕೆ ನಕ್ಕ. "ಅದು ಎರಡು ಚಕ್ರದವರಿಗೆ, ತಿರುವಿನಲ್ಲಿ ಗಾಡಿ ಒರಗುತ್ತಲ್ಲ, ಅದಕ್ಕೆ. ನಿನ್ನದು ನೀನು ಒರಗಿದ್ರೂ ಒರಗಲ್ಲ."

ಉಳಿದದ್ದು ಎರಡು. ಒಂದು ಖಾಯಂ ಬಿಗಿಯುವುದು. ಗಟ್ಟಿ, ಅಗ್ಗ, ಆದರೆ ಹಿಂದೆ ಯಾವಾಗಲೂ ಚಾಚಿಕೊಂಡೇ ಇರುತ್ತದೆ. ಇನ್ನೊಂದು ಕಳಚಿಡುವಂಥದ್ದು. ಅಚ್ಚಿನ ಕೆಳಗೆ ಒಂದು ಚೌಕ ಕೊಳವೆ, ಅದರೊಳಗೆ ತೂರಿಸುವ ಮೊಳದುದ್ದದ ಉಕ್ಕಿನ ಸರಳು, ಸರಳಿನ ತುದಿಗೆ ಟ್ರೇಲರ್ ಕೂರುವ ಗುಂಡು, ಅಡ್ಡಕ್ಕೆ ಒಂದು ಪಿನ್ನು. ಪಿನ್ನು ತೆಗೆದು ಸರಳನ್ನು ಎಳೆದಿಟ್ಟರೆ ನಂಬರ್ ಪ್ಲೇಟಿನ ಕೆಳಗೆ ಕತ್ತಲೆಯ ತೂತು ಒಂದೇ. "ಮಂಡಿಯೂರಿ ನೋಡಿದೋರಿಗೆ ಮಾತ್ರ ಕಾಣುತ್ತೆ" ಎಂದ ವೆಂಡೆಲ್. ಡೋನಟ್ಟಿನ ಕೈ ಒರೆಸಿಕೊಂಡು, "ನಿನ್ನ ಗಂಡ ಲೈಲ್ ಮಂಡಿಯೂರೋ ಮನುಷ್ಯ ಅಲ್ಲ ಬಿಡು" ಎಂದ. ಊರಿಗೆ ಎಷ್ಟು ಗೊತ್ತಿದೆ ಎಂದು ನನಗೆ ತಿಳಿದದ್ದು ಆವತ್ತು.

ಕಳಚುವುದನ್ನೇ ತೆಗೆದುಕೊಂಡೆ. ನನ್ನ ಹಳೆಯ ಟ್ರೇಲರನ್ನು ವೆಂಡೆಲ್ ತನ್ನ ಶೆಡ್ಡಿನಲ್ಲಿ ಇಟ್ಟುಕೊಂಡ. ಟ್ರೇಲರಿನ ದೀಪಗಳಿಗೆ ಗಾಡಿಯಿಂದ ವೈರು ಎಳೆದು, ಸಾಕೆಟ್ ಜೋಡಿಸಿ ಕೊಟ್ಟ. "ಸರಳು ತೆಗೆದಾಗ ಸಾಕೆಟ್ಟನ್ನೂ ಒಳಕ್ಕೆ ತೂರಿಸಿಬಿಡು, ಮರೀಬೇಡ" ಎಂದ. ಒಂದೊಂದು ಚೀಲ ಬಟ್ಟೆಯನ್ನು ಒಂದೊಂದು ವಾರ ಸಾಗಿಸಿದೆ. ಶುಕ್ರವಾರ ಟ್ರೇಲರ್ ಕಟ್ಟಿ ದೀಪ ಪರೀಕ್ಷೆ ಮಾಡಿದೆ, ಎಲ್ಲ ಉರಿದವು. ಸರಳು ಕಳಚಿ ಗಾಡಿಯ ಪೆಟ್ಟಿಗೆಯಲ್ಲಿ ತಂದು, ಗ್ಯಾರೇಜಿನಲ್ಲಿ ಬಣ್ಣದ ಡಬ್ಬಿಗಳ ಹಿಂದೆ ಇಟ್ಟೆ. ಭಾನುವಾರ ನಿನ್ನಪ್ಪ ಮೀನು ಹಿಡಿಯಲು ಹೋದಾಗ ಹೊರಡುವುದು ಎಂದಿತ್ತು. ಸಾಕೆಟ್ ಮರೆತೆ.

ಶನಿವಾರ ಮಾಜಿ ಸೈನಿಕರ ಲೀಜನ್ ಸಭಾಂಗಣದ ಅಂಗಳದಲ್ಲಿ ಕ್ಲಬ್ಬಿನ ವಸಂತದ ಗಾಡಿ ತಪಾಸಣೆ. ನಿನಗೆ ಗೊತ್ತಲ್ಲ, ತನ್ನ ಗಾಡಿಯನ್ನಾಗಲಿ ಗಂಡ ಹೆಂಡಿರ ಗಾಡಿಯನ್ನಾಗಲಿ ಯಾರೂ ನೋಡುವ ಹಾಗಿಲ್ಲ, ಚೀಟಿ ಎತ್ತಿ ಬೇರೆಯವರದನ್ನು ನೋಡಬೇಕು. ಹೊಸ ಸಾಮಾನು ಕಂಡವರು ಹಾರ್ನ್ ಹೊಡೆದು ಎಲ್ಲರನ್ನೂ ಕರೆಯಬೇಕು. ನನ್ನ ಗಾಡಿ ಬಂದದ್ದು ಟ್ವೈಲಾಳ ಗಂಡ ಡ್ವೇನ್‌ನ ಪಾಲಿಗೆ. ಅವನು ಮಂಡಿಯೂರುವ ಮನುಷ್ಯ. ಟಾರ್ಚ್ ಹಿಡಿದು ಅಡಿಗೆ ಬಗ್ಗಿ, ನೇತಾಡುತ್ತಿದ್ದ ಸಾಕೆಟ್ ಕಂಡವನು ಎದ್ದು ಬಂದು ಹಾರ್ನ್ ಒತ್ತಿ ಹಿಡಿದ.

"ಆರ್ಡಿಸ್, ಏನಮ್ಮಾ ಇದು, ನಿನ್ನ ಗಾಡಿಗೆ ಬಾಲ ಬಂದಿದೆ?" ಎಂದ.

"ಅಯ್ಯೋ ಕಳ್ಳಿ, ನನಗೂ ಹೇಳಲಿಲ್ವಲ್ಲೇ. ಟ್ರೇಲರ್ ಎಲ್ಲಿ ಬಚ್ಚಿಟ್ಟಿದೀಯಾ?" ಎಂದಳು ಟ್ವೈಲಾ.

"ಲೈಲ್‌ನ ಅದ್ರಲ್ಲಿ ಮಲಗಿಸಿ ಎಳ್ಕೊಂಡು ಹೋಗ್ತಾಳೆ ಕಣೇ. ಗೊರಕೆ ಹಿಂದೇನೇ ಉಳೀಲಿ ಅಂತ" ಎಂದ ಡ್ವೇನ್.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಿನ್ನಪ್ಪ. "ನನ್ನ ಹೆಂಡತಿ ಹಾಗೇ ಕಣ್ರೋ, ಗಂಡನಿಗೆ ಹೇಳದೇನೇ ಉಡುಗೊರೆ ತರ್ತಾಳೆ" ಎಂದು ನನ್ನ ಹಿಂಗತ್ತಿನ ಮೇಲೆ ಕೈಯಿಟ್ಟ. ಹೆಬ್ಬೆರಳನ್ನು ಕಿವಿಯ ಕೆಳಗೆ ಒತ್ತಿದ. ನನ್ನ ಕಣ್ಣು ಕತ್ತಲೆಗಟ್ಟುವ ತನಕ ಒತ್ತಿ, ಬಿಟ್ಟು, ಹೋಗಿ ಖೀಮಾ ತುಂಬಿದ ಇನ್ನೊಂದು ಸ್ಲಾಪಿ ಜೋ ಬನ್ನು ಹಾಕಿಸಿಕೊಂಡು ತಿಂದ.

ಮನೆಗೆ ಯಾಕೆ ಹೋದೆ, ನೇರ ರಸ್ತೆ ಹಿಡಿಯಬಾರದಿತ್ತೇ ಎಂದು ಕೇಳುತ್ತೀಯ. ಟ್ವೈಲಾಳೂ ಕೇಳಿದಳು. ಸರಳು ಮನೆಯಲ್ಲಿತ್ತು. ಅದಿಲ್ಲದೆ ಟ್ರೇಲರ್ ಎಳೆಯಲಾಗದು, ನನ್ನದು ಅಂತ ಇದ್ದದ್ದೆಲ್ಲ ಟ್ರೇಲರಿನಲ್ಲಿತ್ತು. ತಪಾಸಣೆಗೆ ತಂದಿದ್ದ ಮೇಜು ಕುರ್ಚಿಗಳನ್ನು ಚರ್ಚಿಗೆ ವಾಪಸು ಸಾಗಿಸುವ ಕೆಲಸ ನಿನ್ನಪ್ಪನದು, ತಡವಾಗುತ್ತದೆ ಎಂದುಕೊಂಡೆ. ಅವನು ಮೇಜುಗಳನ್ನು ಮುಟ್ಟಿಯೂ ಇರಲಿಲ್ಲವಂತೆ.

ಗಾಡಿಯನ್ನು ಗ್ಯಾರೇಜಿಗೆ ಹಾಕಿ, ಹಿಂದೆ ಮಂಡಿಯೂರಿ ಸರಳನ್ನು ಕೊಳವೆಗೆ ತೂರಿಸುತ್ತಿದ್ದೆ. ಪಿನ್ನು ಇನ್ನೂ ಹಾಕಿರಲಿಲ್ಲ. ಅವನ ಪಿಕಪ್ಪಿನ ಸದ್ದು ಕೇಳಿಸಿತು. ಒಳಗೆ ಬಂದವನು ದೊಡ್ಡ ಬಾಗಿಲನ್ನು ಕೆಳಗೆಳೆದ, ಗೋಡೆಯಿಂದ ಪೈಪ್ ರೆಂಚ್ ತೆಗೆದುಕೊಂಡ. ಮೊದಲ ಏಟು ಗಾಡಿಗೆ. ಹಿಂದಿನ ಕೆಂಪು ಕವಚ ಪಿಂಗಾಣಿಯ ಹಾಗೆ ಸಿಡಿದು ನನ್ನ ಕೂದಲಲ್ಲೆಲ್ಲ ತುಂಬಿತು. ಎರಡೂ ದೀಪ ಒಡೆದ.

"ಬಿಲ್ಲಿಂಗ್ಸ್‌ಗಾ? ಆ ಹುಡುಗಿ ಹತ್ರಕ್ಕಾ? ಹೋಗು, ಹೆಂಗೆ ಹೋಗ್ತೀಯೋ ನೋಡ್ತೀನಿ" ಎಂದ. ಕೂಗಲಿಲ್ಲ. ನೀನು ಚಿಕ್ಕವಳಿದ್ದಾಗ ಹೋಂವರ್ಕ್ ಹೇಳಿಕೊಡುತ್ತಿದ್ದ ಅದೇ ಧ್ವನಿ.

ಏಳಲು ಹೋದಾಗ ಪಕ್ಕೆಗೆ ಒದ್ದ. ಮೂರು ಎಲುಬು ಬಿರುಕು ಬಿಟ್ಟಿವೆ. ಕೂದಲು ಹಿಡಿದು ಮುಖವನ್ನು ಸೈಲೆನ್ಸರಿಗೆ ಒತ್ತಿದ. ಗಾಡಿ ಆಗಷ್ಟೇ ನಿಂತಿತ್ತು, ಸೈಲೆನ್ಸರ್ ಕಾದಿತ್ತು. ಸುಟ್ಟ ವಾಸನೆ ಮೊದಲು ಬಂತು, ಉರಿ ಆಮೇಲೆ. ಎಡಗೆನ್ನೆಯ ಮೇಲೆ ಪಟ್ಟಿ ಕಟ್ಟಿದ್ದಾರೆ, ನೋಡಿ ಹೆದರಬೇಡ. ರೆಂಚ್ ಮತ್ತೆ ಮೇಲೆದ್ದದ್ದನ್ನು ಕಂಡೆ. ನನ್ನ ಕೈ ಸರಳಿನ ಮೇಲಿತ್ತು. ಪಿನ್ನು ಇಲ್ಲದ್ದರಿಂದ ಅದು ಈಚೆಗೆ ಬಂತು. ಹೊಡೆದೆ. ಅವನು ಬಿದ್ದ. ಪಕ್ಕದ ಬಾಗಿಲಿನಿಂದ ಹೊರಬಿದ್ದು, ಜಲ್ಲಿ ರಸ್ತೆಯಲ್ಲಿ ಡ್ವೇನ್ ಮನೆಯವರೆಗೂ ನಡೆದೆ.

ಶೆರಿಫ್ ಕಚೇರಿಯಲ್ಲಿ ಬರೆಸಿದ್ದೂ ಇದನ್ನೇ. ದವಡೆ ಹೇಗೆ ಮುರಿಯಿತು ಎಂದು ಕೇಳಿದರು. ಬೀಳುವಾಗ ಗಾಡಿಯ ಫುಟ್‌ಬೋರ್ಡಿಗೆ ತಾಗಿರಬೇಕು ಎಂದೆ.

ಡ್ವೇನ್ ಶನಿವಾರದಿಂದ ಸರಿಯಾಗಿ ಊಟ ಮಾಡಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಾನೆ. "ನಾನು ಹಾರ್ನ್ ಹೊಡೀಬಾರದಿತ್ತು" ಎಂದ. "ಹೊಸದು ಕಂಡ್ರೆ ಹೊಡೀಲೇಬೇಕಲ್ಲೋ, ನೀನೇ ಮಾಡಿದ ನಿಯಮ" ಎಂದೆ. ಅವನಿಗೆ ನಗು ಬರಲಿಲ್ಲ. ನನಗೆ ನಕ್ಕರೆ ಪಕ್ಕೆ ನೋಯುತ್ತದೆ.

ಟ್ವೈಲಾ ದಿನಕ್ಕೆರಡು ಸಲ ಪಟ್ಟಿ ಬದಲಿಸುತ್ತಾಳೆ, ಬೇಡವೆಂದರೂ ಮಾಂಸ ಆಲೂಗಡ್ಡೆ ಬೇಯಿಸಿದ ಹಾಟ್‌ಡಿಶ್ ಬಡಿಸುತ್ತಾಳೆ. ನೀನು ಈಗಲೇ ಹೊರಟು ಬರಬೇಡ. ಗುರುವಾರದ ತನಕ ಕಾಯಿ.

ನಿನ್ನ ಅಮ್ಮ,
ಆರ್ಡಿಸ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ದವಡೆ ಫುಟ್‌ಬೋರ್ಡಿಗೆ ತಾಗಲಿಲ್ಲ. ನನ್ನ ಏಟು ಬಿದ್ದದ್ದು ಮಂಡಿಗೆ. ಅವನು ಕುಸಿದು ಕೂತ, ರೆಂಚನ್ನು ಕೈಬಿಟ್ಟ, "ಸಾಕು ಆರ್ಡಿಸ್, ಸಾಕು" ಎಂದ. ಬಾಗಿಲಿಗೆ ದಾರಿ ತೆರವಾಗಿತ್ತು, ನಾನು ಹೋಗಬಹುದಿತ್ತು. ಇಷ್ಟು ವರ್ಷ ನಾನು ಹೇಳಿದ ಮಾತು ಅವನ ಬಾಯಲ್ಲಿ ಬಂದದ್ದನ್ನು ಕೇಳಿ ನಿಂತೆ. ಆಮೇಲೆ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ಟ್ವೈಲಾಗೆ ಇದು ಗೊತ್ತಿಲ್ಲ, ವಕೀಲರಿಗೂ ಗೊತ್ತಿಲ್ಲ. ಬುಧವಾರ ಮಧ್ಯಾಹ್ನ ಅವನ ಕೈಗೆ ಕಾಗದ ಪೆನ್ನು ಕೊಟ್ಟು ಹೇಳಿಕೆ ತೆಗೆದುಕೊಳ್ಳುತ್ತಾರೆ. ನಮ್ಮ ಮನೆಯೊಳಗೆ ಏನಾಯಿತು ಎಂದು ಊರಿಗೆ ಹೇಳುತ್ತಿದ್ದವನು ಯಾವಾಗಲೂ ಅವನೇ. ಇದನ್ನು ಅವನಿಗಿಂತ ಮೊದಲು ನಾನು ಹೇಳಬೇಕು. ಶೆರಿಫ್ ಕಚೇರಿ ಬುಧವಾರ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಡ್ವೇನ್ ಕರೆದುಕೊಂಡು ಹೋಗುತ್ತಾನೆ.