ತದಾಯ್ಮಾ ಎಂದರೆ ಬಂದೆ ಕಣವ್ವ

ಹಂಗಳ
ಗುರುವಾರ, 6 ಫೆಬ್ರವರಿ 2025

ಗೆಳತಿ ಶಶಿರೇಖಾಳಿಗೆ,

ನಮ್ಮ ಪುಸ್ತಕದಿಂದ ನೀನು ಸುಧಾಮಣಿಯ ಹೆಸರು ತೆಗೆದುಹಾಕಿದ್ದೀಯ. ಇದು ಅನ್ಯಾಯ. ಕ್ಷೇಮಸಮಾಚಾರ ಆಮೇಲೆ, ಮೊದಲು ಇದು ಇತ್ಯರ್ಥವಾಗಲಿ. ಫೋನು ಮಾಡಿದರೆ ಒಲೆ ಮೇಲೆ ಹಾಲಿಟ್ಟಿದ್ದೀನಿ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಚಾಮರಾಜನಗರದಿಂದ ನೀನು ಕಳಿಸಿದ ಪ್ರೂಫ್ ನಿನ್ನೆ ಬಂತು. 'ಕತೆ ಓದುವವರಿಗೆ ಜಪಾನಿ ಮಾತುಗಳು' ಎಂಬುದರ ಕೆಳಗೆ ನಿನ್ನ ಹೆಸರಿದೆ, ನನ್ನ ಹೆಸರಿದೆ. ಒಳಗಿನ ಅರ್ಥಗಳಲ್ಲಿ ಮುಕ್ಕಾಲು ಪಾಲು ಬರೆದವಳ ಹೆಸರಿಲ್ಲ. ಬೇರೆಯವರ ದುಡಿಮೆಯ ಮೇಲೆ ತಮ್ಮ ಹೆಸರು ಹಾಕಿಕೊಳ್ಳುವವರ ವಿರುದ್ಧ ನಾವು ಮೂವರೂ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕರಪತ್ರ ಹಂಚಿದವರು. ಆ ಕರಪತ್ರದ ಅರ್ಧ ವಾಕ್ಯಗಳು ನಿನ್ನವೇ.

ಗುಂಡ್ಲುಪೇಟೆ ಲೈಬ್ರರಿಯಲ್ಲಿ ಇಂಗ್ಲಿಷಿಗೆ ಬಂದ ಜಪಾನಿ ಕತೆಗಳನ್ನು ಓದುವಾಗ ಹೇಗೆ ಎಡವುತ್ತಿದ್ದೆವು, ನೆನಪು ಮಾಡಿಕೋ. ಕತೆಯ ನಡುವೆ ಕೆಲವು ಜಪಾನಿ ಮಾತುಗಳನ್ನು ಹಾಗೇ ಬಿಟ್ಟಿರುತ್ತಿದ್ದರು. ಇಂಗ್ಲಿಷ್ ಓದುಗರಿಗೆಂದು ಮಾಡಿದ ಸಣ್ಣ ಪದಕೋಶವೊಂದನ್ನು ಸುಧಾ ಹುಡುಕಿ ತಂದಳು. ಅದರಲ್ಲಿ 'ಇತ್ತೆಕಿಮಾಸ್' ಎಂಬುದಕ್ಕೆ ಉದ್ದಾನುದ್ದ ವಿವರಣೆ: ಮನೆಯಿಂದ ಹೊರಡುವಾಗ ಹೇಳುವ ಮಾತು, ಆದರೆ ವಿದಾಯವಲ್ಲ, ಮರಳಿ ಬರುವೆನೆಂಬುದೂ ಅದರೊಳಗೇ ಇದೆ, ಹೀಗೆ. ಸುಧಾ ಬಿದ್ದು ಬಿದ್ದು ನಕ್ಕಳು. 'ಹೋಗಿ ಬರ್ತೀನಿ' ಎಂದು ಬರೆದು ಪೆನ್ನು ಕೆಳಗಿಟ್ಟಳು. ನಮ್ಮ ಪುಸ್ತಕ ಹುಟ್ಟಿದ್ದು ಆವಾಗ.

'ಸೆನ್ಸೆಯ್' ಎಂದರೆ ಮೇಷ್ಟ್ರು; ಅವರೂ ನಮ್ಮ ಹಾಗೆ ಮೇಷ್ಟ್ರನ್ನು ಬರೀ ಹೆಸರು ಹಿಡಿದು ಕೂಗುವುದಿಲ್ಲ. ಹೆಸರಿನ ಕೊನೆಗೆ 'ಚಾನ್' ಸೇರಿಸಿದರೆ, ನಮ್ಮ ಕಡೆ ಹುಡುಗಿಯರನ್ನು 'ಅಮ್ಮಿ' ಎಂದು ಕರೆಯುವ ಮುದ್ದು. ಉಣ್ಣುವ ಮೊದಲು ಹೇಳುವ 'ಇತದಾಕಿಮಾಸ್'ಗೆ ಮಾತ್ರ ಜಗಳವಾಯಿತು. ನೀನು ಪ್ರಾರ್ಥನೆ ಎಂದೆ. ನಾನು ದೇವರನ್ನು ಒಳಗೆ ಬಿಡಲಿಲ್ಲ. ನೀವಿಬ್ಬರೂ ಹಿಂಗೇ ಉಪಾಸ ಬೀಳಿ ಎಂದು ರೇಗಿಸಿ ಸುಧಾ ಬರೆದಳು: 'ಬೆಳೆದವರಿಗೆ, ಬೇಯಿಸಿದವರಿಗೆ, ತಟ್ಟೆಗೆ ಬಂದ ಜೀವಕ್ಕೆ ಋಣ ಒಪ್ಪಿಕೊಳ್ಳುವ ಮಾತು.' ಪ್ರೂಫಿನಲ್ಲಿ ಅದು ಒಂದಕ್ಷರವೂ ಬದಲಾಗದೆ ಇದೆ.

ಹೆಸರು ಯಾಕೆ ಬೇಡವೆಂದು ನಿನ್ನ ಮಾವ ಮಹದೇವಸ್ವಾಮಿಯವರು ಹೇಳಿದ್ದನ್ನು ನೀನೇ ಫೋನಿನಲ್ಲಿ ಒಪ್ಪಿಸಿದೆ. ಪ್ರೆಸ್ಸು ಅವರದು, ತನ್ನ ಸಾವನ್ನು ತಾನೇ ತಂದುಕೊಂಡವಳ ಹೆಸರು ಹೆಣ್ಣುಮಕ್ಕಳು ಓದುವ ಪುಸ್ತಕದಲ್ಲಿ ಬೇಡವಂತೆ. ತಾನೇ ತಂದುಕೊಂಡಳು ಎಂದವರು ಯಾರು? ಅವಳ ಮೇಲೆ ಹಾಯಿಸಿದ ಲಾರಿಯವನು. ಅವಳೇ ಅಡ್ಡ ಬಂದಳು ಎನ್ನದೆ ಅವನು ಬೇರೇನು ಹೇಳಿಯಾನು? ದೀಪಾವಳಿಗೆ ಮೊದಲು ಅವಳ ಮದುವೆ ಮಾತು ಮುರಿದಿತ್ತು. ಅದೊಂದನ್ನು ಹಿಡಿದು ಊರೆಲ್ಲ ಅವನನ್ನು ನಂಬಿತು. ಆ ಬೆಳಿಗ್ಗೆ ಮನೆ ಬಿಡುವಾಗ ಸುಧಾ ಎಂದಿನ ಹಾಗೆ ಇತ್ತೆಕಿಮಾಸ್ ಎಂದು ಕೂಗಿಯೇ ಹೋಗಿದ್ದಳು. ಅವಳ ಅವ್ವ, ನಮ್ಮ ಶಿವಮ್ಮ ದೊಡ್ಡವ್ವ, ಪೊಲೀಸಿನವರ ಮುಂದೆ ಹೇಳಿದ್ದು ಒಂದೇ ಮಾತು: "ಹೋಗ್ಬತ್ತೀನಿ ಅಂದೋಳು ಸಾಯಕ್ಕೋಯ್ತಾಳಾ ಸ್ವಾಮಿ?" ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಈಗ ಅವಳ ಹೆಸರು ತೆಗೆದರೆ ಲಾರಿಯವನ ಮಾತಿಗೆ ನೀನೂ ರುಜು ಹಾಕಿದಂತೆ.

ಇನ್ನು ನೀನು ಹೆದರಿ ಹೆದರಿ ಕೇಳಿದ ಸುದ್ದಿ. ಹೌದು, ಹಂಗಳದಲ್ಲಿ ಹಾಗೆ ಆಡಿಕೊಳ್ಳುತ್ತಿದ್ದಾರೆ. ಸಂಜೆಯ ಬಸ್ಸು ಬಂದು ಹೋದ ಮೇಲೆ ದೊಡ್ಡವ್ವನ ಹಿತ್ತಲ ಬಾಗಿಲಲ್ಲಿ ಹೆಣ್ಣುದನಿಯೊಂದು 'ತದಾಯ್ಮಾ' ಎನ್ನುತ್ತದಂತೆ, ಬಂದೆ ಕಣವ್ವ ಎಂದು. ಒಳಗಿನಿಂದ ದೊಡ್ಡವ್ವ 'ಒಕಯೇರಿ' ಎನ್ನುತ್ತಾರೆ, ಬಂದ್ಯಾ ಮಗ ಎಂದು. ಸುಧಾ ಇದ್ದಾಗ ಅದು ತಾಯಿ ಮಗಳ ದಿನನಿತ್ಯದ ಆಟ. ಪಕ್ಕದ ಮನೆಯ ಗುರುಮಲ್ಲಮ್ಮ ಯಾವ ಸೀಮೆ ಮಾತು ಕಣಮ್ಮಿ ಇದು, ಕೋಳಿ ಕರ್ದಂಗದೆ ಎಂದು ಆಗ ಛೇಡಿಸುತ್ತಿದ್ದರು. ಅವರೇ ಈಗ ಬೇವಿನ ಸೊಪ್ಪು ಕಟ್ಟಿ, ಹೊತ್ತು ಮುಳುಗುವ ಮೊದಲೇ ಅಗುಳಿ ಹಾಕಿಕೊಳ್ಳುತ್ತಾರೆ.

ದೆವ್ವವಿಲ್ಲ ಎಂದು ಬೀದಿ ಬೀದಿಯಲ್ಲಿ ಕೂಗಿದವಳು ನಾನು. 'ಯೂರೆಯ್' ಎಂಬ ಮಾತು ಪುಸ್ತಕದಲ್ಲಿ ಬೇಡವೆಂದು ಹಟ ಹಿಡಿದವಳೂ ನಾನೇ. ಆಸೆ ತೀರದೆ ಸತ್ತು, ಇದ್ದ ಜಾಗಕ್ಕೇ ಮರಳಿ ಬರುವವರು ಎಂದು ಸುಧಾ ಅದಕ್ಕೆ ಅರ್ಥ ಬರೆದಿದ್ದಳು. ಇರಲಿ, ಅದನ್ನು ತೆಗೆಯಬೇಡ.

ಹೆಚ್ಚುಕಮ್ಮಿ ದಿನಾ ಸಂಜೆ ನಾನು ದೊಡ್ಡವ್ವನ ಮನೆಗೆ ಹೋಗುತ್ತೇನೆ. ಗೋಡೆಯ ಗೂಡಿನಲ್ಲಿ ಸುಧಾಳ ಬಾಚಣಿಗೆ ಕೂದಲ ಸಮೇತ ಇದೆ. ಮುದ್ದೆ ತಿರುವುವಾಗ ದೊಡ್ಡವ್ವನ ಕಿವಿ ಹಿತ್ತಲ ಕಡೆಗೇ ಇರುತ್ತದೆ. ದನಿ ಕೇಳಿದ ಮೇಲೆಯೇ ಅವರು ತಟ್ಟೆ ಹಾಕುವುದು, ಎರಡು ತಟ್ಟೆ. ಕೇಳದ ದಿನ ಒಲೆ ಆರಿಸಿ ಹಾಗೇ ಮಲಗಿಬಿಡುತ್ತಾರೆ. ಎರಡನೆಯ ತಟ್ಟೆಯಲ್ಲಿ ನಾನು ಉಣ್ಣುತ್ತೇನೆ. ಆ ಹೊತ್ತಿನಲ್ಲಿ ಅವರು ನನ್ನನ್ನು ಸುಧಾ ಎನ್ನುವುದಿಲ್ಲ. ಶೃತಿ ಎನ್ನುವುದೂ ಇಲ್ಲ.

ಮೊದಲ ಪುಟ ಸೋಮವಾರ ಮಧ್ಯಾಹ್ನ ಅಚ್ಚಿಗೆ ಹೋಗುತ್ತದೆ ಎಂದಿದ್ದೀಯ. ಅದಕ್ಕೆ ಮೊದಲೇ ನಾನು ಪ್ರೆಸ್ಸಿನ ಬಾಗಿಲಲ್ಲಿ ಇರುತ್ತೇನೆ, ದೊಡ್ಡವ್ವನನ್ನು ಕರೆದುಕೊಂಡು. ಬೇಡ ಎನ್ನುವುದಿದ್ದರೆ ನಿನ್ನ ಮಾವ ಅವರ ಮುಖ ನೋಡಿ ಹೇಳಲಿ. ನೀನು ಯಾರ ಪಕ್ಕ ನಿಲ್ಲುತ್ತೀಯ ಎಂಬುದನ್ನು ಅಷ್ಟರೊಳಗೆ ತೀರ್ಮಾನಿಸಿಕೋ. ಫೆಬ್ರವರಿ ಹತ್ತು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.

ಇನ್ನೂ ನಿನ್ನ ಗೆಳತಿಯೇ ಆದ
ಶೃತಿ

ತಾ.ಕ.: ಆ ದನಿ ನನ್ನದು. ಅನ್ನ ನೀರು ಬಿಟ್ಟು ಕೂತವರನ್ನು ಉಣ್ಣಿಸಲು ಬೇರೆ ದಾರಿ ಕಾಣದೆ ಒಂದು ಸಂಜೆ ಹಿತ್ತಲಿನಿಂದ ಸುಧಾಳ ಹಾಗೆ ಕೂಗಿದೆ. ಈಗ ನಮ್ಮ ಮನೆಯ ಹೊಸ್ತಿಲು ದಾಟುವಾಗಲೂ ಬಾಯಿಗೆ ಅದೇ ಬರುತ್ತದೆ, ಅವಳ ದನಿಯಲ್ಲೇ. ದೊಡ್ಡವ್ವನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ನಿನ್ನೆ ಪ್ರೂಫ್ ಮುಂದಿಟ್ಟು ಇದರಲ್ಲಿ ಅವಳ ಹೆಸರಿಲ್ಲ ಎಂದಾಗ, ಮುದ್ದೆ ಮುರಿಯುತ್ತ ಹೇಳಿದರು: "ನನ್ ಮಗಳ ಹೆಸ್ರು ಅಚ್ಚಾದ್ ದಿಸ ಕೂಗದ ನಿಲ್ಸ್‌ಬುಡು ಕಣಮ್ಮಿ. ಅಲ್ಲೀಗಂಟ ಕೂಗು."