ಒಲೆಯ ಹಿಂದಿನ ಗಾಳಿಗಂಡಿ

ಜನವರಿ ೧೪, ಉಲಾನ್‌ಬಾತರ್

ತಂಗಿ ತುಂಗಲಗ್‌ಗೆ ಇನ್ನೂ ಎಚ್ಚರವಾಗಿಲ್ಲ. ಆಸ್ಪತ್ರೆಯಲ್ಲಿ ಇದು ಮೂರನೇ ದಿನ. ಕಲ್ಲಿದ್ದಲ ಒಲೆಯ ವಿಷಗಾಳಿ ಹೊರಹೋಗದೆ ಮನೆಯೊಳಗೇ ನಿಂತುಬಿಟ್ಟಿತ್ತು.

ಮನೆ ಬೆಚ್ಚಗಾಗಿಸುವ ಯೋಜನೆಯ ಗುತ್ತಿಗೆದಾರ ಲುವ್ಸನ್ ಇವತ್ತು ಕಾಗದ ಹಿಡಿದು ಅವಳ ಮನೆಗೇ ಬಂದ.

"ಅಕ್ಕಾ, ಒಲೆ ಉರಿಸೋಕೆ ಬರದೋರ ತಪ್ಪಿದು. ಇಲ್ಲೊಂದು ಸೈನ್ ಹಾಕಿಬಿಡಿ."

ಕೊಡಲಿ ತಂದು ಗೋಡೆಗೆ ಬೀಸಿದೆ. ಅವನ ಆಳುಗಳು ಹೊದಿಸಿದ್ದ ಥರ್ಮಾಕೋಲ್ ಹಲಗೆ ಸಿಗಿದು ಬಂತು. ಒಲೆಯ ಹಿಂದಿನ ಗಾಳಿಗಂಡಿಗೆ ಫೋಮ್ ತುಂಬಿ ಗಟ್ಟಿಮಾಡಿದ್ದರು.

"ಗಾಳಿ ಸೋರಿದ್ರೆ ಯೋಜನೆಯ ಪರೀಕ್ಷೇಲಿ ಮನೆ ಫೇಲಾಗುತ್ತಕ್ಕಾ!"

"ಮನೆ ಪಾಸಾಯ್ತು, ನನ್ನ ತಂಗಿ ಫೇಲಾದ್ಲೇನೋ?"

ಆ ಫೋಮ್ ಗಡ್ಡೆಯನ್ನು ಕಿತ್ತು ಅವನ ಬಾಯಿಗೆ ತುರುಕಿ ಒತ್ತಿಹಿಡಿದೆ. "ಈಗ ಉಸಿರಾಡು, ನೋಡೋಣ!" ಅಕ್ಕಪಕ್ಕದವರು ಬಿಡಿಸದಿದ್ದರೆ ಸತ್ತೇ ಹೋಗುತ್ತಿದ್ದ. ನನಗೆ ಪಶ್ಚಾತ್ತಾಪವಿಲ್ಲ.

ಬೆಚ್ಚನೆಯ ಮನೆ ನಮ್ಮ ಹಕ್ಕು ಎಂದು ಈ ಯೋಜನೆಗಾಗಿ ಬೀದಿಯಲ್ಲಿ ಕೂಗಿದವಳು ನಾನು. ಪ್ರತಿವರ್ಷದ ರೂಢಿಯಂತೆ ಈ ಅಕ್ಟೋಬರ್‌ನಲ್ಲೂ ಅವಳ ಕಿಟಕಿ ಸಂದುಗಳಿಗೆ ಮೈದಾ ಅಂಟು ಸವರಿ ಕಾಗದ ಅಂಟಿಸಿದವಳೂ ನಾನೇ. ಗಾಳಿಯಾಡಲು ಉಳಿದಿದ್ದ ಕೊನೆಯ ಸಂದುಗಳವು.

ಈಗ ಅದನ್ನೆಲ್ಲ ಉಗುರಿನಿಂದ ಕೆರೆದು ಕಿತ್ತಿದ್ದೇನೆ. ಬೆರಳಿನಿಂದ ರಕ್ತ ಸುರಿಯುತ್ತಿದೆ. ಹೊರಗೆ ಮೈನಸ್ ಮೂವತ್ತು, ಒಳಗೂ ಅಷ್ಟೇ ಆಗಲಿ. ಅವಳು ಕಣ್ಣು ಬಿಟ್ಟರೆ ಲುವ್ಸನ್‌ನ ಫೋಮ್ ತೋರಿಸುತ್ತೇನೆ. ಆಮೇಲೆ ನಾನೇ ಅಂಟಿಸಿದ್ದ ಈ ಕಾಗದದ ಚೂರುಗಳನ್ನೂ ತೋರಿಸುತ್ತೇನೆ.